ಕಡಲ ದಂಡೆಯ ಕಂಬಸಾಲಿನಲ್ಲಿ ಸಂಕೇತದ ದಾರಿ

ಕರೆಂಟು ಹರಿಯುವ ತಂತಿಯಲ್ಲೇ ಮಾತನ್ನೂ ಸಂಕೇತವನ್ನೂ ಕಳಿಸುವುದು ಹಳೆಯ ವಿದ್ಯೆ. ದೊಡ್ಡ ಸಬ್‌ಸ್ಟೇಷನ್ನಿನ ಅಂಗಳದಲ್ಲಿ ತಂತಿಗೆ ಜೋಡಿಸಿದ ದಪ್ಪ ಸುರುಳಿಯೊಂದು ಕಾಣುತ್ತದೆ. ಅದಕ್ಕೆ ವೇವ್‌ಟ್ರ್ಯಾಪ್ ಎನ್ನುತ್ತಾರೆ. ಅದು ೫೦ ಹರ್ಟ್ಸ್‌ನ ವಿದ್ಯುತ್ತನ್ನು ಮುಂದೆ ಬಿಟ್ಟು, ಸುಮಾರು ೪೦ರಿಂದ ೫೦೦ ಕಿಲೋಹರ್ಟ್ಸ್ ಒಳಗಿನ ಸಂಕೇತವನ್ನು ತಡೆದು ನಿಲ್ಲಿಸುತ್ತದೆ. ತಡೆದ ಸಂಕೇತ ಪಕ್ಕದ ಕಪ್ಲಿಂಗ್ ಕೆಪಾಸಿಟರ್ ಮೂಲಕ ಯಂತ್ರಕ್ಕೆ ಇಳಿಯುತ್ತದೆ. ಕೈಗಾದಿಂದ ಘಟ್ಟ ಹತ್ತುವಂಥ ೪೦೦ ಕೆವಿ ಮಾರ್ಗಕ್ಕೆ ಎರಡೇ ತುದಿ, ನಡುವೆ ಮನೆಗಳ ಕವಲಿಲ್ಲ. ಹಾಗಾಗಿ ಅದರ ಗಣಿತ ಬಹುಮಟ್ಟಿಗೆ ಸರಳ.

ನನ್ನ ಕೆಲಸ ಇದ್ದದ್ದು ಆ ಗೋಪುರಗಳ ಕೆಳಗಲ್ಲ, ಕಾರವಾರ, ಅಂಕೋಲಾದ ಓಣಿಗಳಲ್ಲಿ ಮನೆಗಳಿಗೆ ಕರೆಂಟು ಕೊಡುವ ಎಲ್‌ಟಿ ಲೈನಿನಲ್ಲಿ. ಓಣಿಯ ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿಯಲ್ಲೇ ಮನೆಮನೆಯ ಮೀಟರಿನ ಲೆಕ್ಕವನ್ನು ವಾಪಸ್ ತರಬಹುದೇ, ತಂದರೆ ಎಷ್ಟು ವೇಗದಲ್ಲಿ ಎಂದು ಅಳೆಯಬೇಕಿತ್ತು. ಈ ಕ್ಷೇತ್ರದಲ್ಲಿ ಎಲ್ಲರೂ ಹಿಡಿಯುವುದು ಜರ್ಮನಿಯ ಜಿಮ್ಮರ್‌ಮನ್ ಮತ್ತು ದೋಸ್ಟರ್ಟ್ ೨೦೦೨ರಲ್ಲಿ ಪ್ರಕಟಿಸಿದ ಬಹುಪಥ ಮಾದರಿಯನ್ನು. ಸಂಕೇತ ನೇರವಾಗಿಯೂ ಬರುತ್ತದೆ, ಪ್ರತಿ ಕವಲಿಗೆ ಬಡಿದು ತಡವಾಗಿಯೂ ಬರುತ್ತದೆ. ಒಂದೊಂದು ಪಥಕ್ಕೂ ಅದರ ತೂಕ, ದೂರದ ಕ್ಷಯ, ವಿಳಂಬ ಬರೆದು ಕೂಡಿದರೆ ಇಡೀ ದಾರಿಯ ಗುಣ ಸಿಗುತ್ತದೆ. ಸೊಗಸಾದ ಸೂತ್ರ. ಆದರೆ ಅವರ ಅಳತೆ ಹೆಚ್ಚಾಗಿ ನೆಲದೊಳಗಿನ ಕೇಬಲ್ಲಿನದು. ನಮ್ಮ ಬರಿತಂತಿಯಲ್ಲಿ ಅಲೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತದೆ. ಕಂಬದಿಂದ ಮನೆಗೆ ಎಳೆದ ಸರ್ವಿಸ್ ವೈರಿಗೆ ಬಂದದ್ದೇ ನಿಧಾನವಾಗುತ್ತದೆ. ಕಂಬದ ತಂತಿಯ ಇಂಪಿಡೆನ್ಸ್ ನೂರಾರು ಓಮ್, ಸರ್ವಿಸ್ ವೈರಿನದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಪ್ರತಿ ಮನೆಯ ಜೋಡಣೆಯಲ್ಲೂ ಅಲೆಯ ಒಂದು ಪಾಲು ಹಿಂದಕ್ಕೆ ತಿರುಗುತ್ತದೆ.

ಇಲ್ಲಿಯೇ ಊರಿನ ಬದುಕು ಸೂತ್ರದೊಳಗೆ ಬಂತು. ಈ ಕಡೆ ಬೀಗ ಹಾಕಿದ ಮನೆಗಳು ಬೇಕಾದಷ್ಟು. ಮಕ್ಕಳು ಗೋವಾದಲ್ಲಿ, ಮುಂಬೈಯಲ್ಲಿ. ಮೇನ್‌ಸ್ವಿಚ್ ಆಫ್ ಆದ ಮನೆಯ ಸರ್ವಿಸ್ ವೈರು ತುದಿ ತೆರೆದ ಕವಲು. ಅದರ ಉದ್ದ ೩೦ ಮೀಟರ್, ಅದರಲ್ಲಿ ಅಲೆಯ ವೇಗ ಬೆಳಕಿನದರ ಶೇ ೬೦ ಎಂದಿಟ್ಟುಕೊಂಡರೆ, ೧.೫ ಮೆಗಾಹರ್ಟ್ಸ್‌ನಲ್ಲಿ ಸಂಕೇತ ದಿಢೀರನೆ ಕುಸಿಯುತ್ತದೆ, ಮತ್ತೆ ೪.೫ರಲ್ಲಿ, ೭.೫ರಲ್ಲಿ. ಚೌತಿಗೆ ಮಕ್ಕಳು ಬಂದು ಬಾಗಿಲು ತೆರೆದು ಫ್ರಿಜ್ಜು, ಪಂಪು ಹಚ್ಚಿದರೆ ಆ ಹೊಂಡಗಳು ಜಾಗ ಬದಲಿಸುತ್ತವೆ, ಕೆಲವು ಮುಚ್ಚಿಹೋಗುತ್ತವೆ. ನಕ್ಷೆಯಲ್ಲಿ ಕಂಬಗಳ ಅಂತರ ಇರುತ್ತದೆ, ಸರ್ವಿಸ್ ವೈರಿನ ಉದ್ದ ಇರುವುದಿಲ್ಲ. ಲೈನಿನುದ್ದಕ್ಕೂ ನಡೆದು ಅದನ್ನು ಬರೆದುಕೊಳ್ಳುವುದೇ ಈ ಕೆಲಸದ ಅರ್ಧ ಪಾಲು.

೫೦ ಕಿಲೋಹರ್ಟ್ಸ್‌ಗೆ ಇಳಿದರೆ ಚಿತ್ರವೇ ಬೇರೆ. ಅಲ್ಲಿ ಅಲೆಯ ಉದ್ದ ೬ ಕಿಲೋಮೀಟರ್, ಓಣಿಯ ಕವಲುಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕಾಡುವುದು ಮನೆಯೊಳಗಿನ ಉಪಕರಣಗಳು ಸಂಕೇತವನ್ನು ಹೀರಿಕೊಳ್ಳುವುದು, ಮತ್ತು ಗದ್ದಲ.

ಗದ್ದಲದ ಬಗ್ಗೆ ಹೆಚ್ಚು ಕಲಿಸಿದ್ದು ಬೇಲೆಕೇರಿ, ಹಾರವಾಡ, ಬಿಣಗಾದಂಥ ಕಡಲಿಗೆ ತಾಗಿದ ಜಾಗಗಳು. ಬೇಸಿಗೆಯುದ್ದಕ್ಕೂ ಗಾಳಿ ಉಪ್ಪು ತಂದು ೧೧ ಕೆವಿ ಲೈನಿನ ಪಿನ್ ಇನ್ಸುಲೇಟರುಗಳಿಗೆ ಬಳಿಯುತ್ತದೆ. ಒಣಗಿದ್ದಾಗ ಅದು ಸುಮ್ಮನಿರುತ್ತದೆ. ಮೇ ಕೊನೆಯಲ್ಲಿ ಇಬ್ಬನಿಯೋ ತುಂತುರೋ ಬಿದ್ದರೆ ಉಪ್ಪು ನೆನೆದು ಕರೆಂಟು ಮೇಲ್ಮೈಯಲ್ಲಿ ಸೋರತೊಡಗುತ್ತದೆ. ಸೋರಿಕೆಯ ಬಿಸಿಗೆ ಅಲ್ಲಲ್ಲಿ ಒಣಗಿದ ಪಟ್ಟಿಗಳಾಗಿ, ಅವುಗಳ ಮೇಲೆ ಕಿಡಿ ಹಾರುತ್ತದೆ. ಚರಚರ ಸದ್ದು ಕೆಳಗೆ ನಿಂತವರಿಗೂ ಕೇಳುತ್ತದೆ. ಕಿಡಿ ಏಳುವುದು ವೋಲ್ಟೇಜು ಏರಿದ ಗಳಿಗೆಯಲ್ಲಿ, ಅಂದರೆ ಸೆಕೆಂಡಿಗೆ ನೂರು ಸಲ. ಅದೇ ಕಂಬದ ಕೆಳಗಿನ ಎಲ್‌ಟಿ ತಂತಿಯಲ್ಲಿ ಅಳತೆ ಮಾಡಿದರೆ ೧೦ ಮಿಲಿಸೆಕೆಂಡಿಗೊಮ್ಮೆ ಗದ್ದಲದ ಗೊಂಚಲು.

ಮಳೆಗಾಲ ಬಂದರೆ ಇದು ಇನ್ನೂ ಕೆಡುತ್ತದೆ ಎಂಬುದು ನಮ್ಮ ತಂಡದ ನಿರೀಕ್ಷೆ. ಜೊತೆಗಿದ್ದ ಲೈನ್‌ಮನ್ ಒಪ್ಪಲಿಲ್ಲ. "ಮಿರ್ಗ ಹಿಡೀಲಿ ಸರ್, ಎಲ್ಲಾ ತೊಳ್ದು ಹೋಗ್ತದೆ," ಎಂದರು. ಮಿರ್ಗ ಎಂದರೆ ಮೃಗಶಿರಾ ಮಳೆ. ಜುಲೈಯ ಜಡಿಮಳೆಯಲ್ಲಿ ಅಳೆದಾಗ ಅವರ ಮಾತೇ ನಿಜವಾಯಿತು: ಉಪ್ಪು ತೊಳೆದುಹೋಗಿ ಆ ಗೊಂಚಲು ಬಹಳ ಇಳಿದಿತ್ತು. ಉಳಿದದ್ದು ತುಕ್ಕು ಹಿಡಿದ ಜಂಪರುಗಳ ಕಿರಿಕಿರಿ, ಮತ್ತು ಕತ್ತಲಾದ ಮೇಲೆ ಬರಿತಂತಿಯನ್ನೇ ಆಂಟೆನಾ ಮಾಡಿಕೊಂಡು ಒಳನುಗ್ಗುವ ದೂರದ ಶಾರ್ಟ್‌ವೇವ್ ಕೇಂದ್ರಗಳು. ಲೈನ್‌ಮನ್ ಕಿವಿಯಿಂದ ಗುರುತಿಸುವ ಸಂಗತಿಗಳನ್ನು ಮಾದರಿ ಕಟ್ಟುವವರು ಮೊದಲ ದಿನವೇ ಕೇಳಿ ಬರೆದುಕೊಳ್ಳಬೇಕೆಂದು ನಾನು ಈಗ ಹಟ ಹಿಡಿಯುತ್ತೇನೆ.

ವರ್ಷವಿಡೀ ಒಂದೇ ಸರಾಸರಿ ಗದ್ದಲ ಹಿಡಿದು ಲೆಕ್ಕ ಹಾಕಿದರೆ ಈ ಕರಾವಳಿಯಲ್ಲಿ ಅದು ಯಾವ ತಿಂಗಳಿಗೂ ಹೊಂದುವುದಿಲ್ಲ. ಹಾಗಾಗಿ ಒಂದೇ ಲೈನಿಗೆ ಮೇ ತಿಂಗಳದೊಂದು, ಜುಲೈಯದೊಂದು ಗದ್ದಲದ ಮಾದರಿ ಇಡುತ್ತೇವೆ. ಮೀಟರಿನ ಮಾಹಿತಿಗೆ ಕೆಳಗಿನ ಆವೃತ್ತಿಯನ್ನೇ ಆರಿಸಿ, ೧೦ ಮಿಲಿಸೆಕೆಂಡಿನ ಆ ಗೊಂಚಲುಗಳ ನಡುವಿನ ಬಿಡುವಿನಲ್ಲಿ ಪುಟ್ಟ ಪುಟ್ಟ ತುಂಡುಗಳಾಗಿ ಕಳಿಸುತ್ತೇವೆ. ಸಂಕೇತವನ್ನು ಎತ್ತಿ ಮುಂದೆ ಕಳಿಸುವ ರಿಪೀಟರನ್ನು ದೂರ ನೋಡಿ ಲೈನಿನ ನಟ್ಟನಡುವೆ ಕೂರಿಸುವುದಿಲ್ಲ. ಮನೆಗಳು ಒತ್ತಾಗಿ ಸಂಕೇತ ಹೆಚ್ಚು ಸೋರುವ ಕಂಬಕ್ಕಿಂತ ಒಂದು ಕಂಬ ಮೊದಲೇ ಹಾಕುತ್ತೇವೆ.