ಮಗುವಿನ ಪ್ರಬಂಧ: ಮಾತಿನಿಂದ ಬರವಣಿಗೆಗೆ

ಪ್ರಾಥಮಿಕ ಶಾಲೆಯ ಪ್ರಬಂಧವೆಂದೊಡನೆ ನೆನಪಿಗೆ ಬರುವುದು ಹಸು. ಹಸುವಿಗೆ ನಾಲ್ಕು ಕಾಲುಗಳಿವೆ, ಎರಡು ಕೊಂಬುಗಳಿವೆ, ಅದು ಹಾಲು ಕೊಡುತ್ತದೆ. ಹಾಲನ್ನು ಪ್ಯಾಕೆಟ್ಟಿನಲ್ಲಿ ಮಾತ್ರ ಕಂಡಿರುವ ಮುಂಬಯಿಯ ಮಗುವೂ ಇದೇ ಹತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಅಂಕಗಳೂ ದೊರೆಯುತ್ತವೆ. ಆದರೆ ಈ ವಾಕ್ಯಗಳನ್ನು ಹಿಂದುಮುಂದು ಮಾಡಿದರೂ ಬರಹ ಕೆಡುವುದಿಲ್ಲ, ದೋಷವಿರುವುದು ಅಲ್ಲಿಯೇ. ಒಂದು ವಾಕ್ಯ ಮುಂದಿನದಕ್ಕೆ ದಾರಿ ಮಾಡಿಕೊಡದಿದ್ದರೆ ಅದು ಪಟ್ಟಿಯಾದೀತೇ ಹೊರತು ಪ್ರಬಂಧವಾಗದು.

ಊರಿನಲ್ಲಿರುವ ಮಗುವಿಗೆ ಈ ಕೊರತೆಯನ್ನು ಶಾಲೆಯೇ ಮುಂದೊಂದು ದಿನ ತುಂಬಿಕೊಡಬಹುದು. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿದ್ದರೂ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಕನ್ನಡಿಗರ ಮಕ್ಕಳಿಗೆ ಕನ್ನಡ ಬರವಣಿಗೆ ದೊರೆಯುವುದು ಮನೆಯಲ್ಲಿ, ಇಲ್ಲವೆ ಸಂಘದ ಭಾನುವಾರದ ತರಗತಿಯಲ್ಲಿ. ಅಲ್ಲಿಯೂ ಅಕ್ಷರಮಾಲೆಯಲ್ಲಿಯೇ ನಿಂತುಬಿಟ್ಟರೆ, ಅಜ್ಜನೊಡನೆ ದೂರವಾಣಿಯಲ್ಲಿ ಅರ್ಧ ಗಂಟೆ ಹರಟುವ ಮಗುವಿಗೆ ನಾಲ್ಕು ಸಾಲು ಬರೆಯಲು ಬಾರದು. ಅದರ ಮಕ್ಕಳ ಕಾಲಕ್ಕೆ ಕನ್ನಡವು ಅಡಿಗೆಮನೆಯ ನುಡಿಯಾಗಿ ಉಳಿದೀತು, ಅಷ್ಟೂ ಉಳಿದರೆ.

ಮೂರನೆಯ ಅಥವಾ ನಾಲ್ಕನೆಯ ತರಗತಿಯ ಮಗುವಿಗೆ ಮೊದಲು ಬೇಕಾದುದು ಪೆನ್ಸಿಲ್ ಅಲ್ಲ, ಕೇಳುವ ಕಿವಿ. ‘ಜೋರು ಮಳೆಯ ದಿನ’ ಎಂಬ ವಿಷಯವನ್ನೇ ತೆಗೆದುಕೊಳ್ಳಬಹುದು. ಅಂದು ನಡೆದುದನ್ನು ಮಗು ಬಾಯಲ್ಲಿ ಹೇಳಲಿ. ಮನೆಮಾತು ತುಳು ಅಥವಾ ಕೊಂಕಣಿಯಾಗಿದ್ದರೆ ಆ ಮಾತಿನಲ್ಲಿಯೇ ಹೇಳಲಿ. ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ಹಿರಿಯರು ನಡುನಡುವೆ ಕೇಳಬೇಕಾದುದು ಇಷ್ಟೇ: ಮೊದಲು ಏನಾಯಿತು? ಏಕೆ ಹಾಗಾಯಿತು? ಆಗ ನೀನು ಏನು ಮಾಡುತ್ತಿದ್ದೆ? ಬಳಿಕ ಒಂದೊಂದು ಚೀಟಿಯಲ್ಲಿ ಒಂದೊಂದೇ ವಾಕ್ಯವನ್ನು ಮಗು ಬರೆಯಬೇಕು. ಏಳೆಂಟು ಚೀಟಿಗಳಾದ ಮೇಲೆ ನೆಲದ ಮೇಲೆ ಹರಡಿ ಜೋಡಿಸಬೇಕು. ಮಳೆಗೆ ಮುನ್ನ ನಡೆದುದು ಒಂದು ಗುಂಪು, ಮಳೆಯಲ್ಲಿ ನಡೆದುದು ಇನ್ನೊಂದು, ನೀರು ಇಳಿದ ಮೇಲಿನದು ಮತ್ತೊಂದು. ಪ್ಯಾರಾ ಎಂದರೇನೆಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಮಗುವಿನ ಕಣ್ಣೆದುರೇ ಮೂರು ಪ್ಯಾರಾಗಳಿರುತ್ತವೆ. ‘ಮಳೆ ನಮಗೆ ಬಹಳ ಉಪಕಾರಿ’ ಎಂದು ಪಠ್ಯಪುಸ್ತಕದಿಂದ ನುಸುಳಿದ ಚೀಟಿಯೊಂದು ಯಾವ ಗುಂಪಿಗೂ ಸೇರದೆ ಉಳಿದರೆ, ಅದನ್ನು ಮಗುವೇ ಎತ್ತಿ ಬದಿಗಿಡುತ್ತದೆ.

ಇನ್ನು ಜೋಡಣೆ. ‘ರೈಲು ನಿಂತಿತು. ಅಪ್ಪ ಇಳಿದರು. ಅಪ್ಪ ನಡೆದರು. ಅಪ್ಪ ಮನೆಗೆ ಬಂದರು’ ಎಂಬ ನಾಲ್ಕು ಚೀಟಿಗಳು ‘ರೈಲು ನಿಂತುದರಿಂದ ಅಪ್ಪ ಇಳಿದು ನಡೆದುಕೊಂಡೇ ಮನೆಗೆ ಬಂದರು’ ಎಂದಾಗಬಲ್ಲವು. ಕಾರಣವೂ ಕ್ರಮವೂ ಒಂದೇ ವಾಕ್ಯದೊಳಗೆ ಬಂದುವು. ಮರಾಠಿಯಲ್ಲಿಯೂ ‘ಉತರೂನ್’ ಎಂಬಂಥ ರೂಪಗಳು ಇದೇ ಕೆಲಸ ಮಾಡುವುದರಿಂದ ಕಲಿತುದು ಶಾಲೆಯಲ್ಲಿಯೂ ಪ್ರಯೋಜನಕ್ಕೆ ಬರುತ್ತದೆ. ಆದರೆ ಮಕ್ಕಳು ಈ ರುಚಿ ಹತ್ತಿದರೆ ಎದ್ದು, ತಿಂದು, ಓಡಿ, ಬಿದ್ದು ಎಂದು ಪುಟ ಮುಗಿಯುವವರೆಗೂ ವಾಕ್ಯವನ್ನು ನಿಲ್ಲಿಸುವುದಿಲ್ಲ! ಮೂರು ಕ್ರಿಯೆಗಳಿಗೊಮ್ಮೆ ಪೂರ್ಣವಿರಾಮ ಸಾಕೆಂಬ ನಿಯಮ ಮಾಡಬಹುದು.

ಕಾಗುಣಿತದ ತಿದ್ದುಪಡಿ ಕೊನೆಗಿರಲಿ. ದೇವನಾಗರಿಯನ್ನು ಕಲಿಯುವ ಮಗು ಎ–ಏ, ಒ–ಓಗಳಲ್ಲಿ ತಪ್ಪುವುದು ಸಹಜ. ಮರಾಠಿಯ ಬರಹದಲ್ಲಿ ಈ ಹ್ರಸ್ವ–ದೀರ್ಘ ಭೇದವಿಲ್ಲ. ಒತ್ತಕ್ಷರ ಅಲ್ಲಿ ಬಹುಮಟ್ಟಿಗೆ ಪಕ್ಕದಲ್ಲಿ, ಇಲ್ಲಿ ಕೆಳಗೆ. ‘ಕೆರೆ’ಯನ್ನು ‘ಕೇರೆ’ ಎಂದು ಬರೆದರೆ ನೀರಿನ ಬದಲು ಹಾವು ಬರುತ್ತದೆಂದು ನಗುತ್ತ ತೋರಿಸಿದರೆ ಮಗು ಮರೆಯದು. ಮೊದಲ ಬರಹದ ತುಂಬ ಕೆಂಪು ಶಾಯಿ ಸುರಿದರೆ ಮರುವಾರ ಅದು ಹಸುವಿಗೇ ಮರಳುತ್ತದೆ. ಅಲ್ಲಿ ತಪ್ಪುವ ಭಯವಿಲ್ಲವಲ್ಲ.

ಬರೆದುದನ್ನು ಓದಲು ನಿಜವಾದ ಓದುಗರೊಬ್ಬರು ಬೇಕು. ಕಾರ್ಕಳದಲ್ಲಿಯೋ ಕುಂದಾಪುರದಲ್ಲಿಯೋ ಇರುವ ಅಜ್ಜಿಗೆ ಒಂದು ಅಂಚೆ ಕಾರ್ಡು ಹೋಗಲಿ. ಅಜ್ಜಿ ಅಂಧೇರಿಯ ಸಬ್‌ವೇಯನ್ನು ಕಂಡವರಲ್ಲ. ಅಲ್ಲಿ ನೀರು ಏಕೆ ನಿಲ್ಲುತ್ತದೆಂಬುದನ್ನು ಮಗು ಮೊದಲು ತಿಳಿಸಬೇಕಾಗುತ್ತದೆ. ಕಾರ್ಡಿನಲ್ಲಿ ಜಾಗ ಕಡಿಮೆ. ಯಾವ ಚೀಟಿಯನ್ನು ಬಿಡಬೇಕೆಂಬುದನ್ನು ಮಗುವೇ ತೀರ್ಮಾನಿಸಲಿ.