ಕ್ರಿಯೇಟಿನ್: ತಳದಲ್ಲಿ ಉಳಿದದ್ದನ್ನು ಚೆಲ್ಲಬೇಡಿ

ಯಾವುದಾದರೂ ಜಿಮ್ಮಿನ ಸಿಂಕಿನ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಶೇಕರ್ ಖಾಲಿ ಮಾಡಿದ ಹುಡುಗರು ತಳದಲ್ಲಿ ಕೂತ ಬಿಳಿ ಪುಡಿಯ ಮೇಲೆ ನಲ್ಲಿ ಬಿಟ್ಟು, ಕುಲುಕಿ, ಚೆಲ್ಲಿ ಹೋಗುತ್ತಾರೆ. ತಿಂಗಳು ಕಳೆದ ಮೇಲೆ "ಕ್ರಿಯೇಟಿನ್ ನನಗೆ ಹಿಡೀತಿಲ್ಲ ಸರ್" ಎಂಬ ದೂರು. ಹಿಡಿಯುವುದು ಹೇಗೆ? ಅರ್ಧ ಚರಂಡಿಗೆ ಹೋಗಿದೆ.

ಇದು ಸ್ಟೆರಾಯ್ಡ್ ಅಲ್ಲ. ನಮ್ಮ ದೇಹವೇ ದಿನಕ್ಕೆ ಸುಮಾರು 1 ಗ್ರಾಂ ಕ್ರಿಯೇಟಿನ್ ತಯಾರಿಸಿಕೊಳ್ಳುತ್ತದೆ; ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಸಿಗುತ್ತದೆ. ಅದರ ಶೇ 95ರಷ್ಟು ಇರುವುದು ಸ್ನಾಯುಗಳಲ್ಲಿ. ಭಾರ ಎತ್ತುವಾಗ, ಜೋರಾಗಿ ಓಡುವಾಗ ಮೊದಲ ಕೆಲವು ಸೆಕೆಂಡುಗಳ ಶಕ್ತಿಗೆ ಅದು ಬೇಕು. ಸಸ್ಯಾಹಾರಿಗಳಲ್ಲಿ ಈ ದಾಸ್ತಾನು ಕಡಿಮೆ ಇರುವುದರಿಂದ ಪುಡಿಯ ಪರಿಣಾಮ ಅವರಿಗೆ ಹೆಚ್ಚು ಕಾಣುವ ಸಾಧ್ಯತೆಯಿದೆ.

ಕೊಳ್ಳುವಾಗ ಮೊನೊಹೈಡ್ರೇಟ್ ಕೇಳಿ. ಎಚ್‌ಸಿಎಲ್ ಎಂದು ದುಪ್ಪಟ್ಟು ಬೆಲೆಗೆ ಮಾರುವ ಪುಡಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ ನಿಜ, ಆದರೆ ಸ್ನಾಯುವಿಗೆ ಅದರಿಂದ ಹೆಚ್ಚು ಲಾಭ ಎಂಬುದಕ್ಕೆ ಆಧಾರವಿಲ್ಲ. ಈಥೈಲ್ ಎಸ್ಟರ್ ಎಂಬುದಂತೂ ಹೊಟ್ಟೆ ಸೇರಿದ ಮೇಲೆ ಬಹುಪಾಲು ಕ್ರಿಯೇಟಿನಿನ್ ಎಂಬ ಕಸವಾಗಿಬಿಡುತ್ತದೆ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇರಲಿ. ಬಣ್ಣ, ರುಚಿ, ಕೆಫೀನ್ ಬೆರೆಸಿದ್ದು ಬೇಡ. ಅದರಲ್ಲಿ ಕ್ರಿಯೇಟಿನ್ ಎಷ್ಟಿದೆ ಎಂದು ಹುಡುಕುವುದೇ ಒಂದು ಕೆಲಸ.

ಅಳತೆ ದಿನಕ್ಕೆ 3ರಿಂದ 5 ಗ್ರಾಂ. ಡಬ್ಬಿಯೊಳಗಿನ ಸ್ಕೂಪ್ ಎಷ್ಟು ಗ್ರಾಮಿನದು ಎಂದು ಲೇಬಲ್ಲಿನಲ್ಲಿ ಓದಿಕೊಂಡು, ಗೋಪುರ ಮಾಡದೆ ಸಮವಾಗಿ ತೆಗೆದುಕೊಳ್ಳಿ.

ಇನ್ನು ಬೆರೆಸುವ ವಿಷಯ. ಮೊನೊಹೈಡ್ರೇಟ್ ನೀರಿಗೆ ಅಷ್ಟು ಸುಲಭಕ್ಕೆ ಬಗ್ಗುವ ಪದಾರ್ಥವಲ್ಲ. 20 ಡಿಗ್ರಿ ತಾಪಮಾನದ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 14 ಗ್ರಾಂ. ಅಂದರೆ ಒಂದು ಲೋಟ, 250 ಮಿಲಿ ನೀರಿನಲ್ಲಿ ಮೂರೂವರೆ ಗ್ರಾಂ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ನೀರಾದರೆ ಅದೇ ಲೋಟದಲ್ಲಿ ಒಂದೂವರೆ ಗ್ರಾಂ ಮಾತ್ರ! ಹಾಕಿದ್ದು 5 ಗ್ರಾಂ, ಮಿಕ್ಕದ್ದೆಲ್ಲ ತಳಕ್ಕೆ. ಬಿಸಿನೀರು 50 ಡಿಗ್ರಿ ಇದ್ದರೆ ಲೀಟರಿಗೆ 34 ಗ್ರಾಂ ಕರಗುತ್ತದೆ. ಹಾಗಾಗಿ ಕಾಲು ಲೋಟ ಬಿಸಿನೀರಿಗೆ ಪುಡಿ ಹಾಕಿ ಚಮಚದಿಂದ ಕದಡಿ, ಮೇಲೆ ತಣ್ಣೀರು ಬೆರೆಸಿ ಲೋಟ ತುಂಬಿಸಿ, ತಡಮಾಡದೆ ಕುಡಿಯಿರಿ. ಪೂರ್ತಿ ಕರಗಲಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ. ಕರಗದ ಪುಡಿಯೂ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುತ್ತದೆ. ನುಂಗಿದ ಮೊನೊಹೈಡ್ರೇಟನ್ನು ಕರುಳು ಹೆಚ್ಚುಕಡಿಮೆ ಪೂರ್ತಿಯಾಗಿಯೇ ಹೀರಿಕೊಳ್ಳುತ್ತದೆ. ಹೋಗಬೇಕಷ್ಟೆ. ಲೋಟ ಖಾಲಿಯಾದ ಮೇಲೆ ಎರಡು ಗುಟುಕು ನೀರು ಹಾಕಿ, ಗರಗರ ತಿರುಗಿಸಿ, ಅದನ್ನೂ ಕುಡಿಯಿರಿ. ಸಾಂಬಾರಿನ ತಳದ ಬೇಳೆ ಬಿಟ್ಟು ತಿಳಿ ಮಾತ್ರ ಬಡಿಸಿಕೊಂಡವರ ಹಾಗೆ ಆಗಬೇಡಿ.

ಬೆಳಿಗ್ಗೆಯೇ ಬಾಟಲಿಗೆ ಹಾಕಿಟ್ಟು ಸಂಜೆ ಜಿಮ್ಮಿನಲ್ಲಿ ಗುಟುಕರಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ. ವಾರಕ್ಕಾಗುವಷ್ಟು ನಿಂಬೆ ಶರಬತ್ತಿನಲ್ಲಿ ಕದಡಿ ಫ್ರಿಜ್ಜಿನಲ್ಲಿಡುವ ಜಾಣರೂ ಇದ್ದಾರೆ. ಹುಳಿ ನೀರಿನಲ್ಲಿ ಕ್ರಿಯೇಟಿನ್ ದಿನದಿಂದ ದಿನಕ್ಕೆ ಕೆಡುತ್ತದೆ. ಒಳ್ಳೆ ಹುಳಿಯಿದ್ದು, ಹೊರಗೆ ಮೂರು ದಿನ ಇಟ್ಟರೆ ಸುಮಾರು ಐದನೇ ಒಂದು ಭಾಗ ಹಾಳು. ಒಣಪುಡಿಯಾಗಿದ್ದಾಗ ಮಾತ್ರ ಅದು ಗಟ್ಟಿ. ಹಾಗೆಂದು ಒಣಪುಡಿಯನ್ನೇ ಬಾಯಿಗೆ ಸುರಿದುಕೊಂಡು ಮೇಲೆ ನೀರು ಕುಡಿಯುವ ರೀಲ್ಸ್ ಸಾಹಸ ಬೇಡ; ಪುಡಿ ಶ್ವಾಸನಾಳಕ್ಕೆ ಹೋದರೆ ಗತಿ ನೆಟ್ಟಗಿರುವುದಿಲ್ಲ.

ವ್ಯಾಯಾಮಕ್ಕೆ ಮೊದಲೋ ಆಮೇಲೋ ಎಂಬ ಜಗಳದಲ್ಲಿ ಹುರುಳಿಲ್ಲ. ದಿನ ತಪ್ಪಿಸದಿರುವುದು ಮುಖ್ಯ, ರಜೆಯ ದಿನವೂ. ರಕ್ತಕ್ಕೆ ಬಂದ ಕ್ರಿಯೇಟಿನ್ ಸ್ನಾಯುವಿನೊಳಗೆ ಹೋಗಲು ಇನ್ಸುಲಿನ್ ನೆರವಾಗುತ್ತದೆ. ಇದನ್ನು ಪರೀಕ್ಷಿಸಿದವರು ಪ್ರತಿ ಸಲ 90 ಗ್ರಾಮಿಗೂ ಹೆಚ್ಚು ಸಕ್ಕರೆಯಂಶ ಕೊಟ್ಟು ನೋಡಿದ್ದರು. ಅದನ್ನು ಓದಿ ಗ್ಲೂಕೋಸ್ ಪ್ಯಾಕೆಟ್ ಹಿಡಿದು ಓಡಬೇಡಿ. ಮಧ್ಯಾಹ್ನದ ಅನ್ನವೋ ಮುದ್ದೆಯೋ ಮುಗಿಸಿ ಕುಡಿದರೆ ಸಾಕು, ಹೊಟ್ಟೆಯೂ ಕೆಡುವುದಿಲ್ಲ.

'ಲೋಡಿಂಗ್' ಎಂದು ಐದರಿಂದ ಏಳು ದಿನ 20 ಗ್ರಾಮನ್ನು ನಾಲ್ಕು ಪಾಲು ಮಾಡಿ ಕುಡಿಯುವ ಕ್ರಮವೊಂದಿದೆ. ಸ್ನಾಯು ಬೇಗ ತುಂಬುತ್ತದೆ. ಆದರೆ ದಿನಕ್ಕೆ 3 ಗ್ರಾಂ ಕುಡಿದರೂ ನಾಲ್ಕು ವಾರದಲ್ಲಿ ಅಲ್ಲಿಗೇ ತಲುಪುತ್ತೀರಿ. ಲೋಡಿಂಗ್‌ನಿಂದ ಬೇಗ ಖಾಲಿಯಾಗುವುದು ಡಬ್ಬಿ, ಲಾಭ ಅಂಗಡಿಯವನಿಗೆ ಎಂಬುದು ನನ್ನ ಅಭಿಪ್ರಾಯ. ಕಬಡ್ಡಿ, ಕುಸ್ತಿಯಲ್ಲಿ ತೂಕದ ಮಿತಿಯಿರುವವರು ಪಂದ್ಯದ ಹಿಂದಿನ ವಾರ ಖಂಡಿತ ಶುರು ಮಾಡಬೇಡಿ: ಸ್ನಾಯುವಿಗೆ ನೀರು ಸೇರಿ ಒಂದೆರಡು ಕಿಲೋ ಏರಬಹುದು.

ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ನಿತ್ಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಆರೋಗ್ಯವಂತರ ರಕ್ತ ಪರೀಕ್ಷೆಯಲ್ಲೂ ಕ್ರಿಯೇಟಿನಿನ್ ಸ್ವಲ್ಪ ಹೆಚ್ಚು ತೋರಿಸಬಹುದು. ಪುಡಿ ಕುಡಿಯುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಿ. ಅವರು ಬೇಕೆಂದರೆ ಮೂತ್ರಪಿಂಡದ ಸ್ಥಿತಿ ತಿಳಿಯಲು ಸಿಸ್ಟಾಟಿನ್-ಸಿ ಪರೀಕ್ಷೆ ಬರೆದುಕೊಡುತ್ತಾರೆ.