ಮೆಗ್ನೀಸಿಯಂ ಮಾತ್ರೆ ನುಂಗುವ ಮೊದಲು

ನಮ್ಮ ಕಾಸರಗೋಡಿನ ಮುರಕಲ್ಲು ಮಣ್ಣಿನಲ್ಲಿ ಮೆಗ್ನೀಸಿಯಂ ಕಡಿಮೆ. ತೆಂಗಿನ ಹಳೆಯ ಮಡಲು ಹಳದಿಯಾದರೆ ಮರಕ್ಕೆ ವರ್ಷಕ್ಕೆ 500 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹಾಕುತ್ತೇವೆ. ಮನುಷ್ಯನಿಗೂ ಈ ಖನಿಜ ಬೇಕು. ಆದರೆ ಗೊಬ್ಬರದ ಆ ಉಪ್ಪನ್ನು ಯಾರೂ ಬಾಯಿಗೆ ಹಾಕಬಾರದು. ಅದು ಔಷಧಿಗೆಂದು ಶುದ್ಧ ಮಾಡಿದ್ದಲ್ಲ.

ಕಾಲು ಸೆಳೆದ ಕೂಡಲೇ ಮೆಗ್ನೀಸಿಯಂ ಕೊರತೆಯೆಂದು ತಿಳಿಯಬೇಡಿ. ಬಿಸಿಲಲ್ಲಿ ದುಡಿದ ಮೈಗೆ ನೀರು ಸಾಲದಿದ್ದರೂ ಹಾಗಾಗುತ್ತದೆ. ನಿಜವಾದ ಕೊರತೆ ಹೆಚ್ಚಾಗಿ ಕಾಣುವುದು ಬಹುಕಾಲದ ಭೇದಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಅತಿ ಕುಡಿತ ಇರುವವರಲ್ಲಿ; ಮೂತ್ರ ಹೆಚ್ಚಿಸುವ ಮಾತ್ರೆಯನ್ನೋ, ಗ್ಯಾಸ್ಟ್ರಿಕ್‌ಗೆಂದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನೋ ವರ್ಷಗಟ್ಟಲೆ ನುಂಗುವವರಲ್ಲಿ. ಇಂಥವರು ವೈದ್ಯರಲ್ಲಿ ಕೇಳಿ ರಕ್ತ ಪರೀಕ್ಷೆ ಮಾಡಿಸಲಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮೂತ್ರಪಿಂಡ. ಹೆಚ್ಚಾದ ಮೆಗ್ನೀಸಿಯಂ ಹೊರಹೋಗುವುದು ಅದರ ಮೂಲಕವೇ. ಅದು ಸೋತಿದ್ದರೆ ಮೆಗ್ನೀಸಿಯಂ ರಕ್ತದಲ್ಲಿ ಕೂಡುತ್ತಾ ಹೋಗಿ ರಕ್ತದೊತ್ತಡ ಇಳಿಯುತ್ತದೆ, ಕೈಕಾಲು ಸೋಲುತ್ತವೆ, ಉಸಿರಾಟ ಮಂದವಾಗುತ್ತದೆ, ಹೃದಯವೇ ನಿಲ್ಲಬಹುದು. ಕಿಡ್ನಿ ತೊಂದರೆ ಇರುವವರು ವೈದ್ಯರು ಹೇಳದೆ ಈ ಮಾತ್ರೆ ಮುಟ್ಟಬಾರದು. ಮಲಬದ್ಧತೆಗೆ ಕುಡಿಯುವ ಮಿಲ್ಕ್ ಆಫ್ ಮೆಗ್ನೀಶಿಯಾವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮನೆಯ ಹಿರಿಯರು ಅದನ್ನು ಔಷಧಿಯೆಂದೇ ಎಣಿಸುವುದಿಲ್ಲ!

ಉಳಿದ ದೊಡ್ಡವರು ವೈದ್ಯರ ಸಲಹೆಯಿಲ್ಲದೆ ಮಾತ್ರೆಯಿಂದ ದಿನಕ್ಕೆ 350 ಮಿಲಿಗ್ರಾಂ ಮೆಗ್ನೀಸಿಯಂ ಮೀರಬಾರದು. ರಾಗಿ, ಹುರುಳಿ, ಗೇರುಬೀಜ, ಸೊಪ್ಪುಗಳಿಂದ ಬರುವುದು ಈ ಲೆಕ್ಕದಲ್ಲಿಲ್ಲ. ಊಟದ ಜೊತೆ ನುಂಗಿದರೆ ಹೊಟ್ಟೆ ಕೆಡುವುದು ಕಡಿಮೆ, ಭೇದಿಯಾದರೆ ನಿಲ್ಲಿಸಿ. ಗದ್ದೆಯಲ್ಲಿ ದುಡಿಯುವವರಿಗೆ ಇಲಿಜ್ವರ ತಡೆಯಲು ಕೊಡುವ ಡಾಕ್ಸಿಸೈಕ್ಲಿನ್ ಮೆಗ್ನೀಸಿಯಂ ಜೊತೆ ಹೋದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದನ್ನು ನುಂಗಿ ಕನಿಷ್ಠ 2 ಗಂಟೆ ಕಳೆದ ಮೇಲೆ ಮೆಗ್ನೀಸಿಯಂ ತೆಗೆದುಕೊಳ್ಳಿ. ಥೈರಾಯಿಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ.